ಫೋಟೋಗೊಂದು ಮರಿ

ಮೂರನೆಯ ದಿನ ಬೆಳಗ್ಗೆ ತಾಯಿಕುರಿ ಆ ತಬ್ಬಲಿ ಮರಿಯ ಬಾಲ ಮೂಸಿ, ಗುದ್ದದೆ ಸುಮ್ಮನೆ ನಿಂತಿತು. ಮರಿ ಕೆಚ್ಚಲಿಗೆ ಬಾಯಿ ಹಾಕಿತು. ದೊಡ್ಡಿಯ ಬೇಲಿಯಾಚೆ ನಿಂತಿದ್ದ ಕುರಿಯವನು ಹೆಂಡತಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡ.

"ಹಚ್ಕೊಳ್ತಾ ಇದೆ ಕಣೇ!"

"ಶ್! ನಿಮ್ಮ ಕಣ್ಣೇ ತಾಗೀತು. ಸುಮ್ನಿರಿ."

ಅದೇನು ಸುಲಭದ ಕೆಲಸವಾಗಿರಲಿಲ್ಲ. ಈ ಕುರಿಯ ಮರಿ ಹುಟ್ಟುವಾಗಲೇ ಸತ್ತಿತ್ತು. ಆ ತಬ್ಬಲಿಯ ತಾಯಿ ಈಯುವಾಗ ಸತ್ತಿತ್ತು. ಆದರೆ ಕುರಿಗೆ ಕಣ್ಣಿಗಿಂತ ಮೂಗಿನ ಮೇಲೇ ನಂಬಿಕೆ. ತನ್ನ ವಾಸನೆ ಇಲ್ಲದ ಮರಿಯನ್ನು ಅದು ಹತ್ತಿರ ಸೇರಿಸುವುದಿಲ್ಲ. ಅದಕ್ಕೇ ಕುರಿಯವನು ಸತ್ತ ಮರಿಯ ಚರ್ಮ ಸುಲಿದು, ಕಾಲುಗಳಿಗೆ ತೂತು ಬಿಟ್ಟು, ಹೊಟ್ಟೆಯ ಕೆಳಗೆ ದಾರ ಕಟ್ಟಿ, ತಬ್ಬಲಿಗೆ ಅಂಗಿಯಂತೆ ತೊಡಿಸಿದ್ದ. ಬಾಟಲಿ ಹಾಲು ಈ ಮರಿಗೆ ಆಗಿಬರುತ್ತಿರಲಿಲ್ಲ. ಎರಡು ಸಲ ಕುಡಿಸಿದ್ದಕ್ಕೇ ಭೇದಿಯಾಗಿ ಕಣ್ಣು ತೇಲಿಸಿತ್ತು. ತಾಯಿ ಒಪ್ಪಿದರೆ ಬದುಕು, ಇಲ್ಲದಿದ್ದರೆ ಇಲ್ಲ. ಇನ್ನೆರಡು ದಿನ ಇವಳ ಹಾಲು ಹೊಟ್ಟೆ ಸೇರಿದರೆ ಮರಿಗೂ ಇವಳದೇ ವಾಸನೆ ಬರುತ್ತದೆ, ಆಮೇಲೆ ಅಂಗಿ ಬೇಕಾಗುವುದಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ಇಳಿದವರು ಕುರಿ ಸಾಕಣೆದಾರರ ಸಂಘದ ಅಧ್ಯಕ್ಷರು. ಅವರಿಗಿಂತ ನಾಲ್ಕು ಹೆಜ್ಜೆ ಮುಂದೆ ಅವರ ಸೆಂಟು ಬಂತು, ನಾಲ್ಕು ಹೆಜ್ಜೆ ಹಿಂದೆ ಫೋಟೋದವನು ಬಂದ.

"ಎಲ್ಲಯ್ಯಾ ನಿನ್ನ ಹಿಂಡು?"

"ಮೇಯೋಕೆ ಹೋಗಿದೆ ಅಧ್ಯಕ್ಷರೇ. ತಮ್ಮ ಹೊಡ್ಕೊಂಡು ಹೋದ."

"ಥತ್! ಚುನಾವಣೆ ಕರಪತ್ರಕ್ಕೆ ಮರಿ ಎತ್ಕೊಂಡಿರೋ ಫೋಟೋ ಬೇಕಾಗಿತ್ತು. ಓ, ಇಲ್ಲೊಂದಿದೆಯಲ್ಲ!"

"ಅಯ್ಯೋ, ಅದೊಂದನ್ನ ಮುಟ್ಬೇಡಿ," ಎಂದಳು ಹೆಂಡತಿ. "ಈಗ ತಾನೇ ತಾಯಿ ಹತ್ರ ಸೇರಿಸ್ತಾ ಇದೆ."

"ನಂಗೆ ಹೇಳ್ಕೊಡ್ತೀಯೇನಮ್ಮಾ? ನಾನೂ ಕುರಿ ಕಾಯ್ಕೊಂಡೇ ದೊಡ್ಡೋನಾದೋನು!" ಈ ಮಾತನ್ನು ಅವರು ಪ್ರತಿ ಭಾಷಣದಲ್ಲೂ ಹೇಳುತ್ತಿದ್ದರು. ಯಾವ ಕುರಿ, ಎಷ್ಟು ದಿನ ಎಂದು ಇದುವರೆಗೆ ಯಾರೂ ಕೇಳಿರಲಿಲ್ಲ. ಬಗ್ಗಿ ಮರಿಯನ್ನು ನೋಡಿ ಕರಗಿಹೋದರು. "ಪಾಪ, ಚಳಿಗೆ ಕೋಟು ಬೇರೆ ಹೊಲಿಸಿದೀರಾ!"

"ಕೋಟಲ್ಲ. ಸತ್ತ ಮರಿ ಚರ್ಮ," ಎಂದಳು ಹೆಂಡತಿ.

ಕುರಿ ಕಾಯ್ದು ದೊಡ್ಡವರಾದವರ ಮುಖ ಹರಳೆಣ್ಣೆ ಕುಡಿದಂತಾಯಿತು. "ಥೂ ಥೂ! ಬಿಚ್ಚಯ್ಯಾ ಅದನ್ನ! ಕರಪತ್ರಕ್ಕೆ ಹೆಣದ ಚರ್ಮ ಹಾಕ್ಸೋಕಾಗತ್ತಾ?"

ಕುರಿಯವನು ಹೆಂಡತಿಯ ಮುಖ ನೋಡಿದ, ಅಧ್ಯಕ್ಷರ ಮುಖ ನೋಡಿದ. ಬರುವ ತಿಂಗಳು ಮೇವಿನ ಗುಡ್ಡ ಯಾರಿಗೆ ಎಂದು ಬರೆಯುವ ಕೈ ಅವರದು. "ಐದೇ ನಿಮಿಷ ಕಣೇ," ಎಂದು ಗೊಣಗಿ, ತಾನೇ ಕಟ್ಟಿದ ದಾರವನ್ನು ತಾನೇ ಹರಿದ. ಹೆದರಿದವನ ಕೈಗೆ ಅಷ್ಟು ಚುರುಕು ಎಲ್ಲಿಂದ ಬರುತ್ತದೋ! ಬಿಸಾಡಿದ ಚರ್ಮವನ್ನು ನಾಯಿ ಕಚ್ಚಿಕೊಂಡು ಓಡಿತು. ಹೆಂಡತಿ ಕೂಗಿಕೊಂಡು ಹಿಂದೆ ಓಡಿದಳು, ಸಿಗಲಿಲ್ಲ.

ಅಧ್ಯಕ್ಷರು ಜೇಬಿನಿಂದ ಸೆಂಟಿನ ಬಾಟಲಿ ತೆಗೆದು ಮರಿಗೆ ತಲೆಯಿಂದ ಬಾಲದವರೆಗೆ ಎರಡು ಸಲ ಸಿಂಪಡಿಸಿದರು. ಮರಿ ಸೀನಿತು. "ಹ್ಞಾಂ, ಈಗ ಎತ್ಕೋಬಹುದು."

"ಕೆನ್ನೆಗೆ ಒತ್ಕೊಳ್ಳಿ ಸರ್," ಎಂದ ಫೋಟೋದವನು. "ಇನ್ನೂ ಸ್ವಲ್ಪ ಮಮತೆ ಬೇಕು ಸರ್... ಸ್ವಲ್ಪ ಜಾಸ್ತಿ ಆಯ್ತು, ಕಡಿಮೆ ಮಾಡಿ... ಹ್ಞಾಂ, ಹಾಗೇ ಇರಿ."

ಹದಿನಾಲ್ಕು ಫೋಟೋ ಆದಮೇಲೆ ಮಮತೆ ಸರಿಹೋಯಿತು. ಅಧ್ಯಕ್ಷರು ಮರಿಯನ್ನು ಕೆಳಗಿಳಿಸಿ ಕರವಸ್ತ್ರದಿಂದ ಕೆನ್ನೆ ಒರೆಸಿಕೊಂಡರು. "ಕೆಳಗಡೆ 'ತಬ್ಬಲಿಗಳ ತಾಯಿ' ಅಂತ ಹಾಕ್ಸು," ಎಂದು ಫೋಟೋದವನಿಗೆ ಹೇಳಿ, ಕುರಿಯವನ ಹೆಗಲು ತಟ್ಟಿದರು. "ಓಟು ಮರೀಬೇಡ ಕಣಯ್ಯಾ."

"ಎಲ್ಲಾದ್ರೂ ಉಂಟಾ! ಅದನ್ನ ನೀವು ಹೇಳ್ಬೇಕಾ ಅಧ್ಯಕ್ಷರೇ?" ಕುರಿಯವನು ಕಾರಿನ ಬಾಗಿಲನ್ನೂ ತಾನೇ ಹಾಕಿದ.

ಮರಿ ಕೂಗುತ್ತಾ ತಾಯಿಯ ಬಳಿ ಓಡಿತು. ತಾಯಿಕುರಿ ಅದನ್ನು ತಲೆಯಿಂದ ಬಾಲದವರೆಗೆ ಒಮ್ಮೆ ಮೂಸಿತು, ಎರಡು ಹೆಜ್ಜೆ ಹಿಂದೆ ಸರಿಯಿತು, ಗುದ್ದಿತು. ಮರಿ ಬೇಲಿಯ ಹಲಗೆಗೆ ಬಡಿದು ಬಿದ್ದು, ಎದ್ದು, ಮತ್ತೆ ಹೋಯಿತು. ಮತ್ತೆ ಗುದ್ದು. ಕುರಿಯವನು ಬಿಸಿನೀರಲ್ಲಿ ಮರಿಯನ್ನು ತೊಳೆದ. ಅದೇ ಕುರಿಯ ಹಾಲು ಕರೆದು ಮೈಗೆಲ್ಲ ಸವರಿದ. ಸೆಂಟು ಹೋಗಲಿಲ್ಲ. ಅಧ್ಯಕ್ಷರು ಹಾಕುವ ಸೆಂಟು, ಅಷ್ಟು ಬೇಗ ಬಿಡುತ್ತದೆಯೇ? ಮೂರು ದಿನದ ಪಾಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಮೂರನೆಯ ಗುದ್ದಿಗೆ ಮರಿ ಏಳಲಿಲ್ಲ.

ಹೆಂಡತಿ ಅದನ್ನು ಮಡಿಲಿಗೆ ಹಾಕಿಕೊಂಡು ಬೆರಳಿಗೆ ಹಾಲು ಅದ್ದಿ ಬಾಯಿಗಿಟ್ಟಳು. ಬಾಯಿ ತೆರೆಯಲಿಲ್ಲ. ಕುರಿಯವನಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ತೀರಿಸಿಕೊಳ್ಳಲು ಕುರಿಯೇ ಸಿಕ್ಕಿತು. ಅದರ ಕುತ್ತಿಗೆ ಹಿಡಿದು ಮರಿಯತ್ತ ತಿರುಗಿಸಿದ. "ಬೆಳಗ್ಗೆ ಹಾಲು ಕೊಟ್ಟ ಮರೀನೇ ಕಣೇ, ನೋಡೇ! ಎಂಥಾ ಮೊಂಡು ಪ್ರಾಣಿನಪ್ಪಾ! ಕುರಿ ಅಂದ್ರೆ ಕುರೀನೇ, ತಲೇಲಿ ಏನೂ ಇಲ್ಲ!"

"ಅವಳನ್ನ ಯಾಕೆ ಬೈತೀರಿ?" ಎಂದಳು ಹೆಂಡತಿ, ಮರಿಯಿಂದ ಕಣ್ಣು ತೆಗೆಯದೆ. "ಆ ಮನುಷ್ಯ ಮುಟ್ಟಿದ್ದನ್ನೂ ಅವಳು ಹತ್ರ ಸೇರಿಸ್ತಿಲ್ಲ. ಈ ಸಲ ನೀವು ದೊಡ್ಡೀಲಿರಿ, ಓಟಿಗೆ ಅವಳು ಹೋಗ್ಲಿ."