ಕನ್ನಡಿ ಹೇಳಿದ ಕಾಯಿಲೆ

ಕನ್ನಡಿಗಳೆಲ್ಲ ವೈದ್ಯರಾಗಿದ್ದ ಕಾಲವದು. ಗದಗಿನ ಕ್ಷೌರಿಕ ಫಕ್ಕೀರಪ್ಪನ ಅಂಗಡಿಯ ಕನ್ನಡಿ ಅವನ ನಡುಗುವ ಕೈ ನೋಡಿ, ಗಿರಾಕಿಗಳ ಎದುರೇ "ಪಾರ್ಕಿನ್ಸನ್" ಎಂದು ಸಾರಿತು. ಕುತ್ತಿಗೆಯ ಮೇಲೆ ಪ್ರೀತಿಯಿದ್ದವರು ಮತ್ತೆ ಇತ್ತ ಸುಳಿಯಲಿಲ್ಲ. ಅದೇ ರೋಗದಿಂದ ಅಪ್ಪ ಹಾಸಿಗೆ ಹಿಡಿದದ್ದನ್ನು ಕಂಡಿದ್ದ ಫಕ್ಕೀರಪ್ಪ ಅಂಗಡಿ ಮುಚ್ಚುವ ಯೋಚನೆಯಲ್ಲಿದ್ದ.

ತಪ್ಪದೆ ಬರುತ್ತಿದ್ದವರು ನರರೋಗ ತಜ್ಞ ಬಾಳಿಕಾಯಿ ಒಬ್ಬರೇ. ಕನ್ನಡಿಗಳ ದೆಸೆಯಿಂದ ಕೆಲಸ ಹೋದ ಮೇಲೆ ಅವರಿಗೆ ಕಳೆದುಕೊಳ್ಳಲು ಉಳಿದದ್ದು ಗಡ್ಡವೊಂದೇ. ಒಂದು ದಿನ ಅರ್ಧ ಗಡ್ಡ ಮುಗಿದಾಗ ಕತ್ತಿ ಗಲ್ಲದ ಮೇಲೆ ಕುಣಿಯಿತು.

"ಕೈ ತೊಡಿ ಮ್ಯಾಲೆ ಸುಮ್ನ ಇಡು," ಎಂದರು. ಕೈ ಅಲುಗಲಿಲ್ಲ. "ಈಗ ಕತ್ತಿ ಎತ್ತು." ಕೈ ನಡುಗಿತು.

"ಪಾರ್ಕಿನ್ಸನ್ ಇದ್ರ ಸುಮ್ನ ಇಟ್ಟಾಗ ಹೆಚ್ಚು ನಡಗತಿತ್ತು. ನಿಂದು ಕೆಲಸ ಮಾಡುವಾಗ ಅಷ್ಟ. ನಿಮ್ಮಪ್ಪನ ರೋಗ ಅಲ್ಲೋ ಇದು. ಗುಳಿಗಿಗೆ ಹತೋಟಿಗೆ ಬರತದ."

"ಖರೇನರೀ, ಸಾಹೇಬ್ರ?" ಫಕ್ಕೀರಪ್ಪ ಕಣ್ಣೊರೆಸಿಕೊಂಡ.

"ಇದು ಪರವಾನಗಿಯಿಲ್ಲದ ಮನುಷ್ಯನ ಅಭಿಪ್ರಾಯ. ನಂಬಬೇಡಿ," ಎಂದಿತು ಕನ್ನಡಿ.

ಅವನು ಅದರ ಮೇಲೆ ಒದ್ದೆ ಟವೆಲ್ ಹೊದಿಸಿ, ಖುಷಿಯಿಂದ ಕತ್ತಿ ಎತ್ತಿಕೊಂಡ.

"ಬ್ಯಾಡ," ಎಂದು ಡಾಕ್ಟರು ಎದ್ದೇಬಿಟ್ಟರು. "ಉಳಿದದ್ದು ಗುಳಿಗಿ ನುಂಗಿದ ಮ್ಯಾಲೆ ನೋಡೂಣು."

ವರ್ಷಗಳ ನಂತರ ಒಬ್ಬ ರೋಗಿಯನ್ನು ನೋಡಿದ ಗತ್ತಿನಲ್ಲಿ, ಅರ್ಧ ಗಡ್ಡದಲ್ಲೇ ಬೀದಿಗಿಳಿದರು.