ಹೆಚ್ಚಾದ ಎಂಟು ಮಕ್ಕಳು

ಕರಿಹಲಗೆಯ ಮೇಲೆ ನಲವತ್ತೆಂಟು ಎಂದು ಬರೆದ ಮೇಲೆ ವೃಷಭೇಂದ್ರಪ್ಪ ಮೇಷ್ಟ್ರ ಕೈ ಮುಂದೆ ಹೋಗಲಿಲ್ಲ. ಗಣಿತ ತೆಗೆದುಕೊಂಡವರು ಇಪ್ಪತ್ತಾರು, ವಿಜ್ಞಾನ ತೆಗೆದುಕೊಂಡವರು ಇಪ್ಪತ್ತೆರಡು, ಯಾವುದನ್ನೂ ತೆಗೆದುಕೊಳ್ಳದವರು ಇಲ್ಲ. ತರಗತಿಯಲ್ಲಿರುವುದು ನಲವತ್ತೇ ಮಕ್ಕಳು. ಹಾಗಾದರೆ ಎರಡನ್ನೂ ತೆಗೆದುಕೊಂಡವರೆಷ್ಟು? ಆ ವರ್ಷವಷ್ಟೇ ಬಂದ ಹೊಸ ಗಣಿತದ ಪುಸ್ತಕದ ಲೆಕ್ಕ ಅದು.

“ಏನ್ರೀ ಮೇಷ್ಟ್ರೇ, ಮಿಕ್ಕ ಎಂಟು ಮಕ್ಕಳು ಕೊಳ್ಳೇಗಾಲದ ಬಸ್ಸಲ್ಲಿ ಬಂದ್ರಾ?” ಎಂದರು ಶಾಲೆಯ ತಪಾಸಣೆಗೆ ಬಂದು ಹಿಂದೆ ಕೂತಿದ್ದ ಇನ್‌ಸ್ಪೆಕ್ಟರು, ವರದಿ ಬರೆಯಲು ಪೆನ್ನು ತೆಗೆಯುತ್ತ. ಮಕ್ಕಳು ಕಿಸಕ್ಕೆಂದರು. ಇಪ್ಪತ್ತೆಂಟು ವರ್ಷ ಪಾಠ ಹೇಳಿದ ಮೇಷ್ಟ್ರ ಕಿವಿ ಬಿಸಿಯಾಯಿತು.

ಆಗ ಅಗರದ ಚಿಕ್ಕನಿಂಗಮ್ಮ ಮುಂದಿನ ಬೆಂಚಿನಿಂದ ಎದ್ದಳು. “ಸಾ, ಮೊನ್ನೆ ನೀವೇ ಏಳ್ಕೊಟ್ರಲ್ಲಾ, ಎಲ್ಡೂ ತಕಂಡಿರೋರ ಎಸ್ರು ಎಲ್ಡು ಪಟ್ಟೀಲೂ ಇರ್ತದೆ, ಅದ್ಕೇ ಎಂಟು ಎಚ್ಚು ಬತ್ತದೆ ಅಂತ. ಸಾಹೇಬ್ರಿಗೆ ನಾನು ಮಾಡಿ ತೋರುಸ್ಲಾ, ಸಾ?”

ಮೊನ್ನೆ ಮೇಷ್ಟ್ರು ಅಂಥದ್ದೇನನ್ನೂ ಹೇಳಿಕೊಟ್ಟಿರಲಿಲ್ಲ. ಅದು ಅವಳಿಗೆ ಗೊತ್ತಿತ್ತು, ಇಡೀ ತರಗತಿಗೂ ಗೊತ್ತಿತ್ತು. ಆದರೂ ಒಬ್ಬರೂ ತುಟಿ ಬಿಚ್ಚಲಿಲ್ಲ. “ಬಾ ತಾಯಿ” ಎಂದು ಮೇಷ್ಟ್ರು ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟರು. ಅವಳು ಒಂದರೊಳಗೊಂದು ಸ್ವಲ್ಪ ಹಾಯುವಂತೆ ಎರಡು ದೊಡ್ಡ ಸೊನ್ನೆ ಬರೆದು, ಎರಡಕ್ಕೂ ಸೇರಿದ ನಡುವಿನ ಜಾಗದಲ್ಲಿ ಎಂಟು ಎಂದು ತುಂಬಿದಳು. “ಭೇಷ್ ಮೇಷ್ಟ್ರೇ, ಚೆನ್ನಾಗಿ ತಯಾರು ಮಾಡಿದ್ದೀರಿ” ಎಂದು ಇನ್‌ಸ್ಪೆಕ್ಟರು ಬರೆದುಕೊಂಡರು. ಮೇಷ್ಟ್ರು ಅವಳು ಎದ್ದುಬಂದ ಬೆಂಚಿಗೆ ಹೋಗಿ, ಮಕ್ಕಳ ಪಕ್ಕದಲ್ಲಿ ಕೂತರು.

“ಇನ್ನೊಂದ್ಸಲ ಮೊದಲಿಂದ ಹೇಳಮ್ಮ,” ಎಂದರು, “ನಿಧಾನಕ್ಕೆ.”