ಬೇಡದ ಭಾರ

ಸಾಗರ ದಾಟುವ ಹಾಯಿದೋಣಿ ಪಂದ್ಯಕ್ಕೆ ಗಂಡಹೆಂಡತಿ ಇಬ್ಬರೇ ಹೊರಟಿದ್ದರು. ಭಾರ ಇಳಿದಷ್ಟೂ ವೇಗವೆಂದು ಅವನು ಹಲ್ಲುಜ್ಜುವ ಬ್ರಷ್ಷುಗಳ ಹಿಡಿಯನ್ನೂ ಕತ್ತರಿಸಿ ಬಿಸಾಕಿದ್ದ. ಹದಿನೇಳನೆಯ ದಿನ ಹಾಯಿ ಎಳೆಯುವಾಗ ಅವಳ ಸೊಂಟದ ಚೀಲ ಘಲ್ಲೆಂದಿತು.

"ಏನದು?"

"ಪುಟ್ಟಿದು. ಕಾಲ್ಗೆಜ್ಜೆ."

ಮಗಳು ತೀರಿಕೊಂಡ ಮೇಲೆ ಅವನು ಒಂದು ದಿನವೂ ಆ ಹೆಸರೆತ್ತಿರಲಿಲ್ಲ. ಈಗಲೂ ಎತ್ತಲಿಲ್ಲ.

"ಬೇಡದ ಭಾರ ತರಬೇಡ ಅಂದಿದ್ನಲ್ಲ."

"ಬೇಡದ್ದು ಅನ್ನಿಸಿದ್ರೆ ನೀನೇ ನೀರಿಗೆ ಎಸೆದ್ಬಿಡು. ಒಂದು ಕಾಲಿಂದಷ್ಟೇ ಇದೆ. ಇನ್ನೊಂದಕ್ಕೆ ಮನೆಯೆಲ್ಲ ಜಾಲಾಡಿದೆ, ಸಿಗಲೇ ಇಲ್ಲ."

ಅವನು ಚುಕ್ಕಾಣಿಯನ್ನು ಮೊಣಕಾಲಿಗೆ ಆನಿಸಿಕೊಂಡು ಅಂಗಿಯ ಒಳಜೇಬಿಗೆ ಕೈ ಹಾಕಿದ. ಸದ್ದಾಗದಂತೆ ಹಾಯಿಬಟ್ಟೆಯ ಚೂರಿನಲ್ಲಿ ಬಿಗಿಯಾಗಿ ಸುತ್ತಿಟ್ಟಿದ್ದ ಇನ್ನೊಂದು ಗೆಜ್ಜೆಯನ್ನು ಬಿಚ್ಚಿ, ಅವಳ ಅಂಗೈಯಲ್ಲಿಟ್ಟ.